ಅಮ್ಮ ಗುರುತಿಸುವ ವಾಸನೆ

ಬಸ್ಸಿಗಾಗಿ ಸಾಲಿನಲ್ಲಿ ನಿಂತಿದ್ದಾಗ, ಮುಂದಿದ್ದ ಅಕ್ಕ ತನ್ನ ತಮ್ಮನ ಅಂಗಿ ಮೂಸಿ ಸಿಡುಕಿದಳು. ತನಗೇಕೆ ಊರ ಉಸಾಬರಿ ಎಂದುಕೊಂಡರೂ ಹಿಂದಿದ್ದ ದರ್ಜಿಯ ಕಿವಿ ನೆಟ್ಟಗಾಯಿತು.

“ಮೂವತ್ತು ವರ್ಷದ ಚಟ ಬಿಟ್ಟೆ ಅಂದೆ, ಮತ್ತೆ ಬೀಡಿನಾ?”

“ಸೇದಿಲ್ಲ ಅಕ್ಕಾ. ಹಚ್ಚಿ, ಅಂಗಿಗೆ ಹೊಗೆ ಹಿಡಿಸ್ಕೊಂಡೆ ಅಷ್ಟೇ.”

“ಯಾರ ಕಿವಿ ಮೇಲೆ ಹೂ ಇಡ್ತೀಯ?”

“ಅಮ್ಮಂಗೆ ಕಣ್ಣು ಕಾಣಲ್ಲ, ಮರೆವು ಬೇರೆ. ಬೀಡಿ ಬಿಟ್ಟಾಗಿಂದ ‘ಯಾರಪ್ಪಾ ನೀನು’ ಅಂತ ತುತ್ತು ತಳ್ತಾಳೆ.”

ಅಕ್ಕನ ದನಿ ಇಳಿಯಿತು. “ಇವತ್ತು?”

“ಉಂಡ್ಲು. ‘ಬಂದ್ಯಾ ಮಗನೇ’ ಅಂತ ತಲೆ ಸವರಿದ್ಲು.”

“ಹಾಗಾದ್ರೆ ನಾಳೆಯಿಂದ ನಾನೇ ಹಚ್ಚಿ ನಿನ್ನ ಅಂಗಿ ಹತ್ರ ಹಿಡೀತೀನಿ. ನೀನು ಮುಟ್ಟಬೇಡ.”

ಬಸ್ಸು ಬಂತು. ತಮ್ಮ ಮೆಟ್ಟಿಲ ಮೇಲೆ ಕಾಲಿಟ್ಟು, ತಿರುಗದೆಯೇ ಹೇಳಿದ:

“ಸುಮ್ನೆ ಹಿಡಿದ್ರೆ ಬೀಡಿ ಆರಿಹೋಗುತ್ತೆ ಅಕ್ಕಾ. ಎಳೀತಾನೇ ಇರ್ಬೇಕು.”