ಯಂತ್ರಕ್ಕೆ ತಿಳಿಯದ ಮುದ್ದು

ಅರಬ್ಬರ ನಾಡಿನ ಸೈದಾ ಪಟ್ಟಣದ ರೊಟ್ಟಿ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಸಮೀಹಾಳಿಗೆ ಮುಂದಿನ ಇಬ್ಬರು ಹೆಂಗಸರ ಮಾತು ಕಿವಿಗೆ ಬಿತ್ತು.

"ಫೋನಿನಲ್ಲಿ ಮುಚ್ಚಿಹಾಕಿದ್ದ ನಿನ್ನ ಖಾತೆ ವಾಪಸ್ ಬಂತಾ, ವಿದಾದಕ್ಕ?"

"ನಿನ್ನೆ ಬಂತು ಕಣೆ. ಹದಿನೆಂಟು ದಿನ ಮಗನ ಜೊತೆ ಮಾತಿಲ್ಲ. ಹಡಗಿನಲ್ಲಿರೋನಿಗೆ ಬೇರೆ ಹೇಗೆ ಬರೀಲಿ?"

"ಅಂಥದ್ದೇನು ಬರೆದಿದ್ದೆ?"

"ಅವನ ಫೋಟೋ ಕೆಳಗೆ, 'ನೀನೇ ನನ್ನ ಹೂಳಬೇಕು ಕಂದ' ಅಂತ."

"ನಮ್ಮಲ್ಲಿ ಎಲ್ಲಾ ತಾಯಂದಿರೂ ಅನ್ನೋದೇ ಅಲ್ವಾ? ಮಗನಿಗಿಂತ ಮೊದಲು ನಾನು ಹೋಗಲಿ ಅಂತ."

"ಬರೆದದ್ದನ್ನೆಲ್ಲ ತಪಾಸಣೆ ಮಾಡೋ ಯಂತ್ರಕ್ಕೇನು ಗೊತ್ತು? ಹೂಳೋದು ಅಂತ ಕಂಡದ್ದೇ ತಡ, ಕೊಲೆ ಬೆದರಿಕೆ ಅಂತ ಮುಚ್ಚಿಬಿಡ್ತು. ಮೂರು ಸಲ ಬೇಡಿಕೊಂಡೆ, ಮೂರು ಸಲವೂ ಆ ಯಂತ್ರವೇ ಓದಿ ಆಗಲ್ಲ ಅಂತು."

"ಆಮೇಲೆ?"

"ತಂಗಿ ಮಗಳು ಹಠ ಹಿಡಿದು, ಮನುಷ್ಯರೇ ಓದಲಿ ಅಂತ ಕಂಪನಿಯವರಿಗೆ ಬರೆದಳು. ಯಾರೋ ನಮ್ಮ ಮಾತು ಬಲ್ಲವರು ಓದಿದ್ದಾರೆ. ತಪ್ಪಾಯ್ತು ಅಂತ ಬರೆದು ತೆರೆದುಕೊಟ್ಟರು."

"ನಿನ್ನ ಮಗ ನಾಜೆಮ್ ಏನಂದ?"

"ಅಮ್ಮ ಸತ್ತಿದ್ದಾಳೆ, ಎಲ್ಲರೂ ಮುಚ್ಚಿಡ್ತಿದ್ದಾರೆ ಅಂದುಕೊಂಡಿದ್ನಂತೆ. ವಿಡಿಯೋದಲ್ಲಿ ನನ್ನ ಮುಖ ಕಂಡು ಮಗುವಿನ ಹಾಗೆ ಅತ್ತ."

"ನೀನು?"

"ಊಟ ಮಾಡಿದ್ಯಾ ಅಂದೆ."

ಇಬ್ಬರೂ ಬಿಸಿ ರೊಟ್ಟಿ ಕಟ್ಟಿಸಿಕೊಂಡು ನಗುತ್ತಾ ಹೊರಟರು. ಸಮೀಹಾ ಅತ್ತಲೇ ನೋಡುತ್ತಿದ್ದಳು. ಎಷ್ಟು ಬೇಕಮ್ಮಾ ಅಂತ ಅಂಗಡಿಯವನು ಎರಡು ಸಲ ಕೇಳಬೇಕಾಯಿತು.