ಬಾಲ ಕತ್ತರಿಸದ ಬೇಟೆ

ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತು ನನ್ನನ್ನೂ ಗಡಿಯಾರವನ್ನೂ ಒಟ್ಟಿಗೆ ನೋಡುತ್ತಿರುವ ಆಗ್ನೆಸ್ ಬಾಯಿಯವರೇ, ಮುಂದಿನ ವಾರ ಕುವೈತ್ ಬಿಟ್ಟು ಊರಿಗೆ ಹೊರಟಿರುವ ನಮ್ಮ ದೇಜಪ್ಪಣ್ಣ ಮತ್ತು ವಾರಿಜಕ್ಕ ಅವರೇ, ಬಿರಿಯಾನಿಯ ವಾಸನೆ ಬಂದರೂ ಕದಲದೆ ಕುಳಿತಿರುವ ಸಭಿಕರೇ,

ದೇಜಪ್ಪಣ್ಣನ ಹೋಟೆಲ್ ಅಡುಗೆಯ ಬಗ್ಗೆ ನನಗಿಂತ ಮುಂಚೆ ಮಾತನಾಡಿದವರು ಹೇಳಿ ಮುಗಿಸಿದ್ದಾರೆ. ನಾನು ಅವರ ಬೇಟೆಯ ಬಗ್ಗೆ ಹೇಳುತ್ತೇನೆ. ಗಾಬರಿ ಬೇಡ. ನಮ್ಮ ಬೇಟೆಯಲ್ಲಿ ಬಂದೂಕಿಲ್ಲ, ಜಿಂಕೆಯೂ ಇಲ್ಲ. ಪೊಲೀಸರಿಗೆ ಹೇಳುವಂಥದ್ದು ಏನೂ ಇಲ್ಲ.

ತುಳುವರಿಗೆ ಕೆಡ್ಡಸ ಗೊತ್ತು. ಭೂಮಿತಾಯಿಗೆ ವಿಶ್ರಾಂತಿಯ ದಿನಗಳು. ನೆಲಕ್ಕೆ ಹಾರೆ ತಾಗಿಸಬಾರದು, ಗಂಡಸರು ಬೇಟೆಗೆ ಹೋಗಬೇಕು. ಅದು ಬರುವುದು ಫೆಬ್ರವರಿಯಲ್ಲಿ. ಕುವೈತಿನವರು ಮರುಭೂಮಿಯಲ್ಲಿ ಡೇರೆ ಹಾಕಿ ಕೂರುವುದೂ ಅದೇ ಚಳಿಯಲ್ಲಿ. ಇವೆರಡನ್ನೂ ಕೂಡಿಸಿ ಲೆಕ್ಕ ಹಾಕುವ ತಲೆ ದೇಜಪ್ಪಣ್ಣನಿಗಲ್ಲದೆ ಇನ್ಯಾರಿಗೆ ಇದ್ದೀತು? ಡೇರೆಯ ಗೂಟಗಳನ್ನು ಮಾತ್ರ ಕೆಡ್ಡಸ ಶುರುವಾಗುವ ಮುಂಚೆಯೇ ಹೊಡೆದು ಬರಬೇಕು. ಮರಳಾದರೇನು, ಅದೂ ಭೂಮಿಯೇ.

ಚೀಟಿ ಎತ್ತಿ ನಮ್ಮಲ್ಲೊಬ್ಬನನ್ನು ಜಿಂಕೆ ಮಾಡುತ್ತೇವೆ. ಅವನು ಓಡಿ ಅಡಗುತ್ತಾನೆ. ಉಳಿದವರು ಹೆಜ್ಜೆ ಹಿಡಿದು ಹುಡುಕುತ್ತೇವೆ. ಸಿಕ್ಕಿದ ಮೇಲೆ ಊಟದ ಪಾಲು. ಮಾಂಸ ಕುರಿಯದು, ಕಟ್ಟಳೆ ದೇಜಪ್ಪಣ್ಣನ ಅಜ್ಜನದು. ಹಿಡಿದವನಿಗೆ ತಲೆ. ಓಡಿದವನಿಗೆ, ಬರೀ ಕೂಗಿದವನಿಗೆ, ಎಲ್ಲರಿಗೂ ಸಮಪಾಲು. ಕತ್ತಿ ಹಿಡಿದು ಪಾಲು ಮಾಡಿದವನು ಕೊನೆಗೆ ಉಳಿದದ್ದನ್ನು ತೆಗೆದುಕೊಳ್ಳಬೇಕು. ನಾನು ವ್ಯಾಪಾರಿ, ಇಷ್ಟು ಬಿಗಿಯಾದ ಆಡಿಟ್ ಎಲ್ಲೂ ಕಂಡಿಲ್ಲ. ಇನ್ನೊಂದು ಕಟ್ಟಳೆಯುಂಟು: ಬೇಟೆಯ, ಅಂದರೆ ನಮ್ಮಲ್ಲಿ ಆ ಕುರಿಯ, ಬಾಲ ಕತ್ತರಿಸುವುದರೊಳಗೆ ಯಾರು ಬಂದರೂ ಅವನಿಗೆ ಪಾಲು. ಕತ್ತರಿಸಿದ ಮೇಲೆ ಬಂದವನು ಬರೀ ನೆಂಟ.

ನಾನು ಆ ಗುಂಪಿಗೆ ಸೇರಿದ್ದು ಹೇಗೆ? ಆಗ ಮಿರ್ಕಾಬಿನ ಅಂಗಡಿಯೊಂದರ ವ್ಯಾನು ಓಡಿಸುತ್ತಿದ್ದೆ. ಈಗ ಅದೇ ಬೀದಿಯಲ್ಲಿ ನನ್ನದೇ ಅಂಗಡಿಯಿದೆ. ಇರಲಿ, ಇದು ಜಾಹೀರಾತಿನ ವೇದಿಕೆಯಲ್ಲ. ಕೆಡ್ಡಸದ ದಿನ ಇವರ ಕ್ಯಾಂಪಿಗೆ ಇದ್ದಲು ಇಳಿಸಿ ಹೊರಟಿದ್ದೆ. ಮೈದಾನ್ ಹವಲ್ಲಿಯ ಕೋಣೆಯಲ್ಲಿ ನನಗಾಗಿ ಕಾಯುತ್ತಿದ್ದದ್ದು ನಿನ್ನೆಯ ಕುಬ್ಬೂಸ್ ರೊಟ್ಟಿ ಒಂದೇ, ಅದಕ್ಕೂ ನನ್ನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಹಿಂದಿನಿಂದ ದೇಜಪ್ಪಣ್ಣನ ಕೂಗು ಕೇಳಿತು: "ಬಲ ಮಾರಾಯಾ, ಬೀಲ ನನಲಾ ಕಡ್ತ್‌ಜಿ!" ಬಾಲ ಇನ್ನೂ ಕತ್ತರಿಸಿಲ್ಲ, ಬಾ ಎಂದು. ನನಗೆ ಪಕ್ಕೆಲುಬಿನ ತುಂಡು ಸಿಕ್ಕಿತು. ಹೊಗೆಗೆ ಕಣ್ಣಲ್ಲಿ ನೀರು ಬಂತು. ಹೊಗೆ ಆಚೆ ಕಡೆಗೆ ಹೋಗುತ್ತಿತ್ತು ಎಂದು ವಾರಿಜಕ್ಕ ಇಂದಿಗೂ ಹೇಳುತ್ತಾರೆ. ಅವರಿಗೆ ಮರೆವು ಜಾಸ್ತಿ.

ಇನ್ನು, ಎದುರಿಗೇ ಕುಳಿತು ತಲೆ ತಗ್ಗಿಸುತ್ತಿರುವ ಬ್ಯಾಂಕಿನ ಸಿರಿಲ್ ಅವರ ವಿಷಯ. ಒಂದು ವರ್ಷ ಜಿಂಕೆಯ ಚೀಟಿ ಅವರಿಗೆ ಬಂತು. ಸಂಜೆಯಾದರೂ ಜಿಂಕೆ ಸಿಗಲಿಲ್ಲ. ನಮ್ಮ ನಿತೇಶ್ ಹೆದರಿ ಪಕ್ಕದ ಡೇರೆಗೆ ಓಡಿದ. ಅವನಿಗೆ ಬರುವ ಅರಬ್ಬಿ ನಿಮಗೇ ಗೊತ್ತು: "ಗಝಾಲ್ ಮಾಲ್ ಅನಾ ಮಾಫಿ!" ನನ್ನ ಜಿಂಕೆ ಕಾಣಿಸುತ್ತಿಲ್ಲ ಎಂದು. ಅರಬ್ಬಿಯಲ್ಲಿ ಚೆಂದದ ಹುಡುಗಿಯನ್ನೂ ಗಝಾಲ್ ಎನ್ನುತ್ತಾರೆ. ಕಳೆದದ್ದು ಸಾಕಿದ ಜಿಂಕೆಯೋ ಸುಂದರಿಯೋ ತಿಳಿಯದೆ ಆ ಡೇರೆಯ ಯಜಮಾನ ಅಬು ನಾಸರ್ ತಮ್ಮ ಮಕ್ಕಳನ್ನೆಲ್ಲ ಎಬ್ಬಿಸಿ, "ಯಲ್ಲಾ!" ಎಂದು ಜೀಪುಗಳನ್ನು ಹೊರಡಿಸಿದರು. ಹಳ್ಳವೊಂದರಲ್ಲಿ ಗೊರಕೆ ಹೊಡೆಯುತ್ತಿದ್ದ ಸಿರಿಲ್ ಅವರನ್ನು ತಂದು ಇಳಿಸಿ, ಅವರ ಹೊಟ್ಟೆಯನ್ನೂ ಬೋಳುತಲೆಯನ್ನೂ ದೀರ್ಘವಾಗಿ ನೋಡಿ ಕೇಳಿದರು: "ಹಾದಾ ಗಝಾಲ್?" ಇದಾ ಜಿಂಕೆ?

ಬೇರೆಯವರಾಗಿದ್ದರೆ ಕ್ಷಮೆ ಕೇಳುತ್ತಿದ್ದರು. ದೇಜಪ್ಪಣ್ಣ ಮೊದಲು ಕುರಿಯ ಕಡೆ ನೋಡಿದರು. ಇಲ್ಲಿನ ಕುರಿಯ ಬಾಲವೆಂದರೆ ದಿಂಬಿನಷ್ಟು ದಪ್ಪ. ಅದು ಇನ್ನೂ ಇದ್ದಲ್ಲೇ ಇತ್ತು. "ಕೂತ್ಕೊಳ್ಳಿ ಬಾಬಾ, ನಿಮಗೂ ಪಾಲುಂಟು" ಎಂದರು, ಶುದ್ಧ ಕನ್ನಡದಲ್ಲಿ. ಅಬು ನಾಸರ್ ಕುಳಿತರು. ಅಂದಿನಿಂದ ಅವರ ಡೇರೆಯ ಪಕ್ಕದ ಜಾಗ ನಮ್ಮದು. ಯಾವ ವಕೀಲ ಬರೆದುಕೊಟ್ಟ ಕರಾರು ಇಷ್ಟು ಗಟ್ಟಿಯಾಗಿ ನಿಂತಿದೆ ಹೇಳಿ?

ಕಳೆದ ಶುಕ್ರವಾರ ದೇಜಪ್ಪಣ್ಣನ ಮನೆಗೆ ಹೋಗಿದ್ದೆ. ಕೆಡ್ಡಸ ಮುಗಿಸಿಯಾದರೂ ಹೋಗಬಾರದೇ ಎಂದು ಕೇಳಿದೆ.

"ಇಲ್ಲಿರ್ಲಿಕ್ಕೆ ಇಕಾಮಾ ಮುಗೀತಲ್ಲ ಸುಕೇಶಾ. ಈ ಸಲ ಕ್ಯಾಂಪ್ ಎಲ್ಲ ಬೇಡ. ನೋಡ್ಕೊಳ್ಳುವ ಜನ ಇಲ್ಲ, ನಿಲ್ಸಿಬಿಡಿ. ನನ್ನ ಪಾಲು ಖಲಾಸ್" ಎಂದರು. ಇಷ್ಟು ವರ್ಷ ತಾವು ಪಾಲು ಮಾಡುತ್ತಿದ್ದ ಆ ಕತ್ತಿಯನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. "ತಕ್ಕೋ, ನೀರುಳ್ಳಿ ಹೆಚ್ಚಲಿಕ್ಕಾದರೂ ಆದೀತು."

ಅಂದು ಕತ್ತಿಯನ್ನು ಅಂಗಡಿಗೆ ತಂದು ಮೇಲೆತ್ತಿಟ್ಟೆ. ಉತ್ತರವನ್ನು ಇವತ್ತು ಈ ಸಭೆಯ ಮುಂದೆ ಹೇಳುತ್ತೇನೆ. ದೇಜಪ್ಪಣ್ಣಾ, ಕತ್ತಿಗೆ ನೀರುಳ್ಳಿ ತೋರಿಸಿಲ್ಲ. ಫೆಬ್ರವರಿಯಲ್ಲಿ ಗೂಟ ಹೊಡೆಯುತ್ತೇವೆ, ಕೆಡ್ಡಸಕ್ಕೆ ಮುಂಚೆಯೇ. ಪಾಲು ನಾನು ಮಾಡುತ್ತೇನೆ, ಕೊನೆಯದು ನನಗೆ. ಒಂದೇ ಒಂದು ಬದಲಾವಣೆ: ಆ ಕತ್ತಿ ನನ್ನ ಕೈಯಲ್ಲಿ ಇರುವವರೆಗೆ ಬಾಲ ಕತ್ತರಿಸುವುದಿಲ್ಲ. ಕಟ್ಟಳೆ ನಿಮ್ಮದೇ. ನೀವು ಯಾವ ವರ್ಷ ಬಂದರೂ ತಡವಾಗಿ ಬಂದಂತಾಗುವುದಿಲ್ಲ.

ಊಟ ತಣ್ಣಗಾಗಿಸಿದ್ದಕ್ಕೆ ಕ್ಷಮಿಸಿ, ಕೇಳಿದ್ದಕ್ಕೆ ಧನ್ಯವಾದ. ಡ್ಯೂಟಿ ಮುಗಿಸಿ ಈಗಷ್ಟೇ ಬಂದು ಬಾಗಿಲಲ್ಲಿ ನಿಂತಿರುವವರೇ, ಒಳಗೆ ಬನ್ನಿ. ನಿಮಗೂ ಪಾಲುಂಟು.

ನಮಸ್ಕಾರ.