ನಾಬಿನ ಮೇಲಿನ ಅಂಕಿಗಳು

ದಾರಿಯಲ್ಲಿ ಒಂದು ಬಾವಿ ಇತ್ತು. ಇಂಥ ಕತೆಗಳಲ್ಲಿ ಇರಬೇಕಲ್ಲ, ಇತ್ತು. ಬಾಯಿಗೆ ಕಬ್ಬಿಣದ ಜಾಲರಿ, ಅದರ ಮೇಲೆ ಯಾರೋ ಒಣಹಾಕಿ ಮರೆತ ಕಾರಿನ ಮ್ಯಾಟು. ಅಲ್ಲಿ ಏನೂ ಆಗಲಿಲ್ಲ. ನಮ್ಮ ದೊಡ್ಡಮ್ಮನ ಮಗ ಬೆನ್ನಿಗೆ ಬೇಸ್ ಗಿಟಾರು ಏರಿಸಿಕೊಂಡು, ಆಕಳಿಸುತ್ತ, ಅದರ ಪಕ್ಕದಲ್ಲೇ ನಡೆದುಹೋದ.

ಬ್ಯಾಂಡಿನವರು ಅವನನ್ನು ಗುಮ್ಮ ಅನ್ನುತ್ತಿದ್ದರು. ಅವನ ವಾದ್ಯದ ಸದ್ದು ಹಾಗೆ. ದೆವ್ವ ಗಿವ್ವ ಅಂದರೆ ಮೂಗು ಮುರಿಯುವ ಆಸಾಮಿ. ಅವನಿಗೆ ಭಯವಿದ್ದದ್ದು ಭಾವನೊಬ್ಬನದೇ. ಭಾವ, ಅಂದರೆ ಅಕ್ಕನ ಗಂಡ, ಅದೇ ಬ್ಯಾಂಡಿನ ಡ್ರಮ್ಮರು. ಹಿಂದಿನ ಕಾರ್ಯಕ್ರಮದಲ್ಲಿ ಹಾಡುಗಳ ನಡುವೆ ವೇದಿಕೆಯ ದೀಪ ಆರಿಸಿದಾಗ ಗುಮ್ಮ ಕತ್ತಲಲ್ಲಿ ತಡಕಾಡಿ, ಬೇರೆ ಯಾವುದೋ ಗುಂಡಿ ಅಂದುಕೊಂಡು, ವಾಲ್ಯೂಮಿನ ನಾಬನ್ನು ಪೂರ್ತಿ ತಿರುಗಿಸಿಬಿಟ್ಟಿದ್ದ. ಗಾಯಕಿಯ ಮೆಲುಹಾಡು ಗುಡುಗಿನಲ್ಲಿ ಮುಳುಗಿತು. ನಾಬ್ ತಿರುಗಿಸಲು ಬಾರದವನನ್ನು ಯಾವ ಗಳಿಗೆಯಲ್ಲಿ ಬ್ಯಾಂಡಿಗೆ ಸೇರಿಸಿದೆನೋ ಎಂದು ಭಾವ ಊಟದ ಮೇಜಿನಲ್ಲಿ ಎಲ್ಲರೆದುರು ಅಣಕಿಸಿದ.

ಅದಕ್ಕೆ ಗುಮ್ಮ ಒಂದು ಉಪಾಯ ಹೂಡಿದ. ಗಿಟಾರಿನ ಮೂರು ನಾಬ್‌ಗಳೂ ನುಣ್ಣಗೆ, ಕಪ್ಪಗೆ, ಒಂದು ಗುರುತೂ ಇಲ್ಲದೆ ಇದ್ದವು. ಅವನ್ನು ಕಿತ್ತು, ಅಂಚಿನ ಸುತ್ತ ಸೊನ್ನೆಯಿಂದ ಹತ್ತರವರೆಗೆ ಅಂಕಿ ಬರೆದ. ಕತ್ತಲಲ್ಲಿ ಹೊಳೆಯುವ ಹಸಿರು ಬಣ್ಣ. ಗಿಟಾರಿನ ಮೈಮೇಲೆ ಅದೇ ಬಣ್ಣದ ಚುಕ್ಕೆ. ನಾಬ್ ತಿರುಗಿಸಿದಾಗ ಚುಕ್ಕೆಯೆದುರು ಯಾವ ಅಂಕಿ ಬರುತ್ತದೋ ಅದೇ ಲೆಕ್ಕ.

ಬಣ್ಣ ಒಣಗಿದ್ದು ರಾತ್ರಿ. ಕಾಯುವ ತಾಳ್ಮೆ ಇಲ್ಲ. ಆಂಪ್ಲಿಫೈಯರ್ ಇದ್ದದ್ದು ಅಭ್ಯಾಸದ ಕೋಣೆಯಲ್ಲಿ, ಒಂದು ಹಳೇ ಕಟ್ಟಡದ ನೆಲಮಾಳಿಗೆಯಲ್ಲಿ. ಕಾವಲಿನ ತಾತ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದ. ಎಬ್ಬಿಸುವುದೇಕೆ ಎಂದು ಗುಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದ. ಬೀಗದ ಕೈ ಅವನಲ್ಲೇ ಇತ್ತು.

ಕೋಣೆಗೆ ಕಿಟಕಿ ಇಲ್ಲ. ಗೋಡೆಗೆಲ್ಲ ಸ್ಪಂಜು, ಬಾಗಿಲಿನ ಸಂದಿಗೂ ರಬ್ಬರು. ಎರಡು ಹಾಡು ನುಡಿಸಿದರೆ ಬಾಗಿಲು ತೆರೆದು ಉಸಿರಾಡಬೇಕು. ಬಾಗಿಲ ಒಳಗಡೆಯ ಹಿಡಿ ಮುರಿದು ವರ್ಷವಾಗಿತ್ತು. ರಿಪೇರಿ ಮಾಡಿಸುವ ಬದಲು ಎಲ್ಲರೂ ಒಂದು ಇಟ್ಟಿಗೆ ಅಡ್ಡ ಇಡುತ್ತಿದ್ದರು. ಗುಮ್ಮನೂ ಇಟ್ಟ. ಆಂಪ್ಲಿಫೈಯರ್ ಹಚ್ಚಿದ. ನಾಬ್ ಕೂರುವ ವಾಲ್ಯೂಮಿನ ಕಡ್ಡಿಯನ್ನು ನಟ್ಟನಡುವಿಗೆ ತಂದು, ಐದನ್ನು ಚುಕ್ಕೆಗೆ ಹೊಂದಿಸಿ ನಾಬ್ ಒತ್ತಿದ. ಟಕ್. ಚೆನ್ನಾಗಿ ಕೂತಿತು. ಗಿಟಾರನ್ನು ಸ್ಟ್ಯಾಂಡಿಗೆ ಒರಗಿಸಿ ಮೆಚ್ಚುತ್ತ ನಿಂತ.

ದೀಪ ಹೋಯಿತು.

ಆಮೇಲೆ ಬೆನ್ನ ಹಿಂದೆ... ಸರ್ರ್... ಇಟ್ಟಿಗೆ ನೆಲದ ಮೇಲೆ ಜಾರಿದ ಸದ್ದು. ಧಪ್. ಬಾಗಿಲು.

ಬಲ್ಬು ಸುಟ್ಟಿತು ಅಂದುಕೊಂಡ. ಆಂಪ್ಲಿಫೈಯರ್ ಹುಂ... ಅನ್ನುತ್ತಲೇ ಇತ್ತಲ್ಲ. ಬಾಗಿಲು ತಡಕಿದ. ಸ್ಪಂಜು, ಮತ್ತೆ ಸ್ಪಂಜು, ಹಿಡಿ ಇದ್ದ ಕಡೆ ಒಂದು ತೂತು. ಬೆರಳು ತೂರಿಸಿ ಎಳೆದ. ಕೂಗಿದ. ಕೂಗನ್ನು ಗೋಡೆಗಳು ನುಂಗಿಕೊಂಡವು. ಫೋನು ಸಂಜೆಯೇ ಸತ್ತಿತ್ತು. ಮುಂದಿನ ಅಭ್ಯಾಸಕ್ಕೆ ಇನ್ನೂ ಎರಡು ದಿನ. ದೊಡ್ಡಮ್ಮ, ಮಗ ಎಲ್ಲೋ ಕಾರ್ಯಕ್ರಮಕ್ಕೆ ಹೋಗಿದ್ದಾನೆಂದು ಕದ ಹಾಕಿ ಮಲಗಿರುತ್ತಾಳೆ. ಅವನು ಇಲ್ಲಿದ್ದಾನೆಂದು ಒಂದು ನರಪಿಳ್ಳೆಗೂ ಗೊತ್ತಿಲ್ಲ. ಆಗಲೇ ಉಸಿರು ಬೆಚ್ಚಗಾಗುತ್ತಿತ್ತು.

ಕರ... ಕರ...

ಹಳೇ ನಾಬ್ ತಿರುಗಿಸಿದರೆ ಸ್ಪೀಕರಿನಲ್ಲಿ ಬರುವ ಸದ್ದು. ತಿರುಗಿ ನೋಡಿದ. ಕತ್ತಲಲ್ಲಿ ಹಸಿರು ಅಂಕಿಗಳು ಮಾತ್ರ. ಚುಕ್ಕೆಯೆದುರು ಐದಿರಲಿಲ್ಲ. ನಾಲ್ಕಿತ್ತು.

"ಯಾರು?" ಪಿಸುಗುಟ್ಟಿದ.

ಕರ... ಮೂರು.

ನಾಬ್ ಸಡಿಲ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಕರ... ಎರಡು. ಸಡಿಲವಾದದ್ದು ಹೀಗೆ ನಿಂತು ನಿಂತು ತಿರುಗುವುದಿಲ್ಲ. ಯಾರೋ ಸದ್ದು ಅಡಗಿಸುತ್ತಿದ್ದಾರೆ... ಆ ಗೋಡೆಯನ್ನು ಕೂಗು ದಾಟದು, ಬೇಸ್ ದಾಟುತ್ತದೆ. ಕಿಟಕಿಯ ಗಾಜು ನಡುಗುತ್ತದೆಂದು ಮೇಲಿನವರು ಜಗಳಕ್ಕೆ ಬರುತ್ತಿದ್ದದ್ದು ಅದಕ್ಕೇ. ಹೊರಗೆ ಹೋಗಲು ಅವನಿಗಿದ್ದ ದಾರಿ ಅದೊಂದೇ.

ಹಾರಿ ಗಿಟಾರು ಹಿಡಿದ. ನಾಬನ್ನು ಮೇಲಿನ ಅಂಕಿಗಳ ಕಡೆಗೆ ತಿರುಗಿಸಿದ. ಅದು ಎದುರು ತಿರುಗಿತು. ಒಳಗಿನಿಂದ ಇನ್ನೊಂದು ಕೈ ಹಿಡಿದ ಹಾಗೆ. ಹಲ್ಲು ಕಚ್ಚಿ ತಿರುಚಿದ. ಎಂಟು... ಒಂಬತ್ತು... ಹತ್ತು. ದಪ್ಪ ತಂತಿಯನ್ನು ಬಲವಾಗಿ ಎಳೆದು ಬಿಟ್ಟ.

ಟಿಂಯ್. ಬರೀ ಒಣ ತಂತಿಯ ಸದ್ದು. ಹುಂಕಾರವೂ ನಿಂತಿತ್ತು.

ಮತ್ತೆ ಎಳೆದ. ಟಿಂಯ್. ನೆಲದ ಮೇಲೆ ಕುಸಿದ. ತನ್ನದೇ ಉಸಿರು ಕಿವಿಗೆ ಬಡಿಯುತ್ತಿತ್ತು. ಬಹಳ ಹೊತ್ತಾದ ಮೇಲೆ ಹೊಳೆಯಿತು. ಅಂಕಿಗಳನ್ನು ಗಡಿಯಾರದ ಮುಖದ ಹಾಗೆ, ಎಡದಿಂದ ಬಲಕ್ಕೆ ಬರೆದಿದ್ದ. ಆದರೆ ಇಲ್ಲಿ ತಿರುಗುವುದು ಅಂಕಿ, ಚುಕ್ಕೆ ನಿಂತಲ್ಲೇ ಇರುತ್ತದೆ. ಎಲ್ಲವೂ ತಿರುಗುಮುರುಗು. ಹತ್ತೆಂದರೆ ಮೌನ. ಸೊನ್ನೆಯೆಂದರೆ ಪೂರ್ತಿ ಸದ್ದು. ಐದು ಹೇಗಿದ್ದರೂ ನಡುವೆ, ಹಾಗಾಗಿ ಗೊತ್ತಾಗಿರಲಿಲ್ಲ. ಅಂಥ ಹೊತ್ತಿನಲ್ಲೂ ಅವನಿಗೆ ಮೊದಲು ನೆನಪಾದದ್ದು, ಭಾವನಿಗೆ ತಿಳಿದರೆ ಏನಂತಾನೋ ಎಂಬುದು.

ಎರಡನೆಯದಾಗಿ ಹೊಳೆದದ್ದು, ಆ ಇನ್ನೊಂದು ಕೈಗೆ ಇದು ಮೊದಲೇ ಗೊತ್ತಿತ್ತು. ಅದು ಅಷ್ಟು ಹೊತ್ತೂ ಸದ್ದನ್ನು ಏರಿಸುತ್ತಿತ್ತು.

ನಾಬಿನಿಂದ ಕೈ ತೆಗೆದ.

"ಸರಿ... ನೀವೇ ತಿರುಗಿಸಿ," ಅಂದ. ದೆವ್ವಕ್ಕೆ ಏಕವಚನದ ಮರ್ಯಾದೆಯನ್ನೂ ಕೊಡದವನು ಈಗ ಬಹುವಚನಕ್ಕೆ ಇಳಿದಿದ್ದ.

ಏನೂ ಆಗಲಿಲ್ಲ. ಆಮೇಲೆ... ಕರ. ಒಂಬತ್ತು. ಕರ... ಕರ... ಅಂಕಿಗಳು ನಿಧಾನವಾಗಿ ಇಳಿದವು, ಹುಂಕಾರ ಏರಿತು. ಸೊನ್ನೆ.

ಎಳೆದ. ಧೂಂ... ನೆಲ ನಡುಗಿತು. ಮತ್ತೆ. ಧೂಂ... ಬೆರಳು ಬೊಬ್ಬೆಯೆದ್ದರೂ ಬಿಡಲಿಲ್ಲ.

ಬಾಗಿಲು ತೆರೆದದ್ದು ತಾತ, ಕೈಯಲ್ಲಿ ಟಾರ್ಚು. ಕುರ್ಚಿ ಸಮೇತ ಅಲ್ಲಾಡಿಸಿಬಿಟ್ಟೆಯಲ್ಲೋ, ಯಾವ ಹೊತ್ತಿನಲ್ಲಿ ಯಾವ ಕೆಲಸ ಎಂದು ಬೈದ. ಗುಮ್ಮ ತಣ್ಣನೆಯ ಗಾಳಿಯನ್ನು ಗಟಗಟ ಕುಡಿದು, ಬಲ್ಬು ಹೋಯಿತು ತಾತ ಅಂದ.

ತಾತ ಟಾರ್ಚನ್ನು ಅವನ ಮುಖಕ್ಕೆ ಬಿಟ್ಟ. ದನಿ ತಗ್ಗಿಸಿದ.

"ಬಲ್ಬೇನು ಬಂತಪ್ಪಾ... ಇಡೀ ಬೀದಿಗೇ ಕರೆಂಟಿಲ್ಲ."

ಇಬ್ಬರೂ ಒಳಗೆ ಕಿವಿಗೊಟ್ಟರು. ಹುಂ... ಅನ್ನುತ್ತಿತ್ತು. ಬಾಗಿಲು ಹಾಕಲು ಇಬ್ಬರೂ ನಿಲ್ಲಲಿಲ್ಲ.

ಕತೆ ಕೇಳಿ, ಇನ್ವರ್ಟರ್ ಇರಬೇಕು ಎಂದು ಭಾವ ನಕ್ಕ. ಆ ಕಟ್ಟಡಕ್ಕೆ ಇನ್ವರ್ಟರ್ ಇಲ್ಲ. ಆಂಪ್ಲಿಫೈಯರಿಗೆ ಬ್ಯಾಟರಿಯೂ ಇಲ್ಲ, ಬಿಚ್ಚಿ ನೋಡಿದ್ದು ಸ್ವತಃ ಭಾವನೇ. ಆಮೇಲೆ ಅವನು ನಗಲಿಲ್ಲ. ಆ ಬೀದಿಯ ಟ್ರಾನ್ಸ್‌ಫಾರ್ಮರ್ ರಿಪೇರಿಗೆ ಬಂದಿದ್ದ ಲೈನ್‌ಮ್ಯಾನ್ ಇನ್ನೂ ಅಲ್ಲೇ ಕೆಲಸದಲ್ಲಿದ್ದಾನೆ. ಅನುಮಾನವಿದ್ದವರು ಹೋಗಿ ಕೇಳಬಹುದು; ಮನೆಯವರೆಲ್ಲ ಕೇಳಿ ಆಗಿದೆ. ಕರೆಂಟು ಬಂದದ್ದು ಮರುದಿನ ಮಧ್ಯಾಹ್ನ.